ಏಳನೇ ನಮೂನೆ

ಉಡುಪಿ ತಾಲೂಕು ಕಚೇರಿಯ ಜಗಲಿ.
ನನ್ನ ಮೇಜಿಗೆ ಮೂರು ಕಾಲು, ನಾಲ್ಕನೆಯದು ಇಟ್ಟಿಗೆ.
ಆ ವರ್ಷ ಬರೆದದ್ದೆಲ್ಲ ಒಂದೇ, ಏಳನೇ ನಮೂನೆ:
ಗದ್ದೆಯ ಹೆಸರು, ಧಣಿಯ ಹೆಸರು, ಗೇಣಿ ಎಷ್ಟು ಮುಡಿ.
ಹೆಬ್ಬೆಟ್ಟೊತ್ತಿದವರು ಶಾಯಿಯನ್ನು
ತಲೆಗೂದಲಿಗೆ ಒರೆಸಿಕೊಂಡು ಹೋದರು.

ದೂಜಪ್ಪ ಬಂಗೇರರು ಆಗ ಎರಡನೇ ಸಲದ ಶಾಸಕರು.
ಎರಡು ಕಳಸೆಗಳನ್ನು ಬೈರಾಸಿನಲ್ಲಿ ಕಟ್ಟಿಕೊಂಡು
ರಾತ್ರಿ ಬಸ್ಸಿನಲ್ಲಿ ಘಟ್ಟ ಹತ್ತಿ
ವಿಧಾನಸಭೆಯ ಮೇಜಿನ ಮೇಲಿಟ್ಟರಂತೆ:
"ಹೊರಗಿನಿಂದ ಅವಳಿ ಮಕ್ಕಳು, ಸ್ವಾಮೀ.
ಧಣಿಗಳು ಕೊಡುವುದು ಇದರಲ್ಲಿ, ತಕ್ಕೊಳ್ಳುವುದು ಇದರಲ್ಲಿ.
ಒಳಗೆ ಕೈ ಹಾಕಿ ನೋಡಿ."
ಅಧ್ಯಕ್ಷರು ಹೇಳಿದರಂತೆ:
"ಪಾತ್ರೆ ದಾಖಲೆಯಲ್ಲ, ತೆಗೆಯಿರಿ."

ಆಮೇಲೆ ಇಪ್ಪತ್ತೆಂಟು ವರ್ಷ.
ಎರಡು ಸಲ ಪಕ್ಷ ಬಿಟ್ಟರು. ಒಂದು ಸಲ ಸೋತು
ಮಲ್ಪೆಯಲ್ಲಿ ಮೀನಿನ ಲಾರಿಯ ಲೆಕ್ಕ ಬರೆದರು.
ಉಪ್ಪುನೀರು ತಡೆಯುವ ಕಟ್ಟ, ಕೊಳಕೆ ಬೆಳೆಗೆ ಕರೆಂಟು,
ನಮ್ಮ ಕೆಂಪು ಅಕ್ಕಿಗೂ ಒಂದು ಬೆಂಬಲ ಬೆಲೆ –
ಪ್ರತಿ ಬಜೆಟ್ಟಿಗೂ ಅದೇ ಪ್ರಶ್ನೆ,
ಪ್ರತಿ ಮಂತ್ರಿಗೂ ಅದೇ ಉತ್ತರ:
ಪರಿಶೀಲಿಸಲಾಗುವುದು.

ಕಡೆಕಾರಿನ ವಾರಿಜಮ್ಮ ಬಂದದ್ದು ಒಂದು ಮಧ್ಯಾಹ್ನ.
ಗಂಡ ಹೋದ ಮೇಲೆ ಉಳುವವರಿಲ್ಲದೆ
ಗೇಣಿಗೆ ಕೊಟ್ಟದ್ದು ಅರ್ಧ ಎಕರೆ,
ಅದೂ ಉಳುವವನದಾಯಿತು.
"ನಾನು ಯಾವ ಸೀಮೆಯ ಧಣಿ, ದೂಜಣ್ಣ?"
ಬಂಗೇರರ ಚಹಾದ ಮೇಲೆ ಕೆನೆ ಕಟ್ಟಿತು.
ಸಂಜೆ ನನ್ನಿಂದಲೇ ತಿದ್ದುಪಡಿ ಬರೆಸಿದರು,
'ವಿಧವೆಯರನ್ನು ಬಿಟ್ಟು' – ಎರಡೇ ಶಬ್ದ.
ಒಂಬತ್ತು ಸಲ ಮಂಡಿಸಿದರು. ಒಂಬತ್ತು ಸಲವೂ ಬಿತ್ತು.
ಅಷ್ಟರಲ್ಲಿ ವಾರಿಜಮ್ಮ ಬೀಡಿ ಕಟ್ಟಲು ಕಲಿತಿದ್ದಳು.
ಅವಳ ಮನೆಯ ಮುಂದಿನ ದಾರಿ ಬಿಟ್ಟು
ಅವರು ಸುತ್ತು ಹಾಕಿ ಹೋಗುತ್ತಿದ್ದರು. ನಾನು ಕಂಡಿದ್ದೇನೆ.

ಈಗ ನಾನು ಬರೆಯುವುದು ಭೂಪರಿವರ್ತನೆಯ ಅರ್ಜಿ.
ಅವೇ ಗದ್ದೆಗಳು, ಹೆಬ್ಬೆಟ್ಟಿನವರ ಮೊಮ್ಮಕ್ಕಳ ಚಂದದ ಸಹಿ.
ಹೋದ ಸೋಮವಾರ, ರಿಕ್ಷಾದವನ ಭುಜ ಹಿಡಿದು
ಬಂಗೇರರು ಬಂದರು, ಎಂಬತ್ತೇಳು ವರ್ಷ.
ಕನ್ನಡಕ ಹಣೆಗೇರಿಸಿ
ಅರ್ಜಿಯನ್ನು ಮೂಗಿನ ಹತ್ತಿರ ಹಿಡಿದು ಓದಿದರು.
"ಗದ್ದೆಯ ಹೆಸರೆಲ್ಲಿ?"
"ಅದಕ್ಕೀಗ ಕಾಲಂ ಇಲ್ಲ. ಸರ್ವೆ ನಂಬರ್ ಸಾಕು."
ನನ್ನ ಪೆನ್ನು ಕಿತ್ತುಕೊಂಡು
ಅಂಚಿನಲ್ಲಿ ಒತ್ತಿ ಬರೆದರು: ಬಾಕಿಮಾರು.
ದೀರ್ಘದ ಹತ್ತಿರ ಕಾಗದ ಹರಿಯಿತು.

ಇನ್ನೊಂದು ಬರೆಯಬೇಕಾಯಿತು, ನನ್ನ ಖರ್ಚಿನಲ್ಲಿ.
ಹರಿದದ್ದನ್ನು ಮಡಚಿ ಇಟ್ಟಿಗೆಯ ಮೇಲಿಟ್ಟೆ.
ಮೇಜು ಅಲುಗುವುದು ಸ್ವಲ್ಪ ಕಡಿಮೆಯಾಗಿದೆ.