ಬಿಳಿಕಲ್ಲು ಕ್ರಾಸ್: ಮೊದಲು, ಆಮೇಲೆ

ಮೂರು ವರ್ಷ ಮೊದಲು, ಮೂರು ವರ್ಷ ಆಮೇಲೆ,
ಎರಡು ಕಾಲಂ ಮಾಡಿಕೊಡಿ ಅಂದರು
ದಾವಣಗೆರೆಯಿಂದ ಬಂದ ಇಂಜಿನಿಯರ್ ಶಶಿರೇಖಾ ಮೇಡಂ.
ಠಾಣೆಯ ರೈಟರ್ ನಾನು. ಗೆರೆ ಎಳೆಯುವುದು ಬರುತ್ತದೆ.

ಮೊದಲು: ಅಪಘಾತ ಹದಿನೇಳು, ಸಾವು ಆರು.
ಆಮೇಲೆ: ಅಪಘಾತ ಹದಿನೆಂಟು, ಸಾವು ಒಂದು.

'ಒಂದು ಜಾಸ್ತಿಯೇ ಆಯ್ತಲ್ರೀ' ಅಂದರು ಸಾಹೇಬರು,
'ಇಷ್ಟು ಹಂಪು, ಇಷ್ಟು ದೀಪ, ಬಿಳಿ ಪಟ್ಟಿ ಬಳಿದು!'
ನಾನು ಪುಟ ತಿರುವಿದೆ.

ನನ್ನದೇ ಕೈಬರಹ.
'ಸ್ಥಳದಲ್ಲಿಯೇ ಮೃತಪಟ್ಟಿದ್ದು' ಎಂದು
ಎಷ್ಟು ಸಲ ಬರೆದಿದ್ದೆನೆಂದರೆ
ಮೃ ಅಕ್ಷರದ ಬಾಲ ತಾನಾಗಿ ಸುತ್ತಿಕೊಳ್ಳುತ್ತಿತ್ತು.
ಆಮೇಲಿನ ಪುಟಗಳಲ್ಲಿ ಬೇರೆ ಮಾತು ಕಲಿತಿದ್ದೇನೆ:
ಮುಂಗೈ ಮೂಳೆ ಮುರಿತ, ತುಟಿಗೆ ಎರಡು ಹೊಲಿಗೆ,
ಹಾಲಿನ ಕ್ಯಾನು ನಜ್ಜುಗುಜ್ಜು,
ಈರುಳ್ಳಿ ಹನ್ನೊಂದು ಚೀಲ ರಸ್ತೆಪಾಲು.
ತುಟಿ ಹರಿದುಕೊಂಡವರು ಮೊದಲೆಲ್ಲ
ಠಾಣೆಯ ಮೆಟ್ಟಿಲೇ ಹತ್ತುತ್ತಿರಲಿಲ್ಲ, ಅದೂ ಇದೆ.

ಮೇಡಂ ನಗಲಿಲ್ಲ.
'ಜ್ವರ ನೆತ್ತಿಗೇರಿದಾಗಲೇ ಅಲ್ಲವೇ ಕಷಾಯ ಕಾಯಿಸುವುದು?
ಏರಿದ್ದು ತಾನಾಗಿಯೂ ಇಳಿಯುತ್ತದೆ.
ಏನೂ ಮಾಡದೆ ಬಿಟ್ಟ ಇನ್ನೊಂದು ಕ್ರಾಸ್ ಬೇಕು ನನಗೆ,
ಇಂಥದೇ ತಿರುವು, ಇಷ್ಟೇ ಲಾರಿ.'

ಇದೆ.
ಗಾಳಿಯಂತ್ರದ ಗುಡ್ಡ ದಾಟಿದರೆ ಸಿಗುವ ಹುಣಸೆಮರದ ಗೇಟು.
ಹಂಪಿನ ದುಡ್ಡು ಅಲ್ಲಿಗೆ ಬರುವಷ್ಟರಲ್ಲಿ ಮುಗಿದಿತ್ತು.
ಮೂರನೆಯ ಕಾಲಂ ಎಳೆದೆ:
ಮೊದಲು ಐದು ಸಾವು. ಆಮೇಲೆ ನಾಲ್ಕು.

'ಹಾಗಾದರೆ ಇಲ್ಲಿ ತಗ್ಗಿದ ಐದರಲ್ಲಿ
ಒಂದನ್ನು ಅದೃಷ್ಟಕ್ಕೆ ಬಿಡೋಣ.
ನಾಲ್ಕು ನಮ್ಮದಿರಬಹುದು' ಅಂದರು,
'ಇರಬಹುದು' ಎಂಬುದರ ಕೆಳಗೆ ಎರಡು ಗೆರೆ ಎಳೆದರು.

ಯಾರು ಆ ನಾಲ್ವರು?
ಬೆಳಿಗ್ಗೆ ದಾದಾಪೀರನ ಪಂಕ್ಚರ್ ಅಂಗಡಿಯಲ್ಲಿ
ಗಾಳಿ ಹಾಕಿಸಿಕೊಂಡು, ಚಿಲ್ಲರೆಗೆ ಜಗಳವಾಡಿ ಹೋದನಲ್ಲ,
ಅವನೊಬ್ಬನೋ ಏನೋ. ಅವನಿಗೆ ಗೊತ್ತಿಲ್ಲ.
ರಿಜಿಸ್ಟರಿಗೂ ಗೊತ್ತಿಲ್ಲ.
ಗಾಜಿನ ಚೂರು ಗುಡಿಸಿ ತುಂಬುತ್ತಿದ್ದ ಪುಟ್ಟಿಯಲ್ಲಿ
ದಾದಾಪೀರ್ ಈಗ ಕೋಳಿಮರಿ ಮುಚ್ಚುತ್ತಾನೆ;
ಅದಕ್ಕೆ ಯಾವ ಕಾಲಂ ಎಂದು ಕೇಳಬೇಕೆಂದಿದ್ದೆ, ಕೇಳಲಿಲ್ಲ.

ಹುಣಸೆಮರದ ಗೇಟಿನ ನಾಲ್ವರಿಗಂತೂ ಹೆಸರಿದೆ.
ಓಬಳೇಶ. ಕರಿಯಮ್ಮ. ಅವಳ ಸೊಸೆ.
ನಾಲ್ಕನೆಯವನು ಗುರುತು ಸಿಗದ ಕ್ಲೀನರ್.
ಏನೂ ಮಾಡದಿದ್ದರೆ ಏನಾಗುತ್ತದೆಂದು
ತೋರಿಸಿಕೊಟ್ಟವರು, ಯಾರೂ ಕೇಳದೆ.

ಸಂಜೆ ಡ್ಯೂಟಿ ಮುಗಿಸಿ ಅದೇ ದಾರಿ.
ಗೇಟಿನ ಹತ್ತಿರ, ಇಲ್ಲದ ಹಂಪಿಗೆ
ಬೈಕು ನಿಧಾನ ಮಾಡಿದೆ.
ಹಿಂದಿನ ಲಾರಿ ಉದ್ದಕ್ಕೆ ಹಾರನ್ ಹೊಡೆಯಿತು.