ಪೆರುಂಬಾಡಿಯ ನಾಯಿ

ಹಾರನ್ ಹೊಡೆಯಬೇಡಿ ಹಂಸಣ್ಣ, ಮಗು ಮಲಗಿರುತ್ತೆ
ಅಂದಿದ್ದರು ಹಿಂದಿನ ರಾತ್ರಿಯೇ.
ವಿರಾಜಪೇಟೆಯಲ್ಲಿ ಬೆಳಗಿನ ನಾಲ್ಕು. ದೀಪ ಆರಿಸಿ ಕಾದೆ.
ಮೊದಲು ಬಂದದ್ದು ಮಗುವಲ್ಲ, ಒಂದು ಕುರ್ಚಿ:
ಕಾಲಿಲ್ಲ, ಬೆನ್ನು ಮಾತ್ರ ದೊಡ್ಡದು,
ಎರಡು ಹೆಗಲಿಂದ ಪಟ್ಟಿ ಇಳಿದು
ಹೊಟ್ಟೆಯ ಹತ್ತಿರ ಒಂದು ಕೆಂಪು ಗುಂಡಿ.
ಡಿಕ್ಕಿ ತೆರೆದೆ.
‘ಅಲ್ಲಿಗಲ್ಲ, ಹಿಂದಿನ ಸೀಟಿಗೆ’ ಅಂದರು ಚೋಂದಮ್ಮ,
‘ಆಮೇಲೆ ವಿಮಾನದ ಒಳಕ್ಕೂ.’

ನಗು ಬಂತು, ನುಂಗಿಕೊಂಡೆ.
ನನ್ನ ಗಾಡಿಗೆ ಏನೇನು ಹತ್ತಿಲ್ಲ:
ಮದುಮಗಳು, ಹೆರಿಗೆ ನೋವು, ಮೆಣಸಿನ ಮೂಟೆ,
ಒಮ್ಮೆ ಮುಚ್ಚಳ ಸಡಿಲಾದ ಜೇನುಪೆಟ್ಟಿಗೆ.
ಸೀಟಿನ ಮೇಲೆ ಸೀಟು ಹತ್ತಿದ್ದು ಇದೇ ಮೊದಲು.

ಗೇಟಿನಲ್ಲಿ ಅಜ್ಜಿ, ತಲೆಗೆ ಶಾಲು ಸುತ್ತಿ:
‘ನಾಲ್ಕು ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡೇ
ಬಸ್ಸಿನಲ್ಲಿ ಮೈಸೂರು ಕಂಡವಳು ನಾನು.
ಎರಡು ತುಂಬದ ಕೂಸಿಗೆ ಬೇರೆ ಟಿಕೇಟಂತೆ,
ಬೇರೆ ಸಿಂಹಾಸನವಂತೆ!’
ಚೋಂದಮ್ಮ ಮಾತಾಡಲಿಲ್ಲ. ಮಿಲಿಟರಿ ಆಸ್ಪತ್ರೆಯ ನರ್ಸು,
ರಜೆ ಮುಗಿಸಿ ಪಠಾಣಕೋಟೆಗೆ ಹೊರಟವರು.
ಕುರ್ಚಿಗೆ ಮಂಡಿಯೂರಿ, ಮೈಭಾರವೆಲ್ಲ ಹಾಕಿ
ಬೆಲ್ಟು ಜಗ್ಗಿದರು. ಅಲುಗಿಸಿ ನೋಡಿದರು. ಇನ್ನೊಮ್ಮೆ ಜಗ್ಗಿದರು.
ನಿದ್ದೆಯಲ್ಲೇ ಬಂದು ಕೂತಳು ದೇಚು.
ಪಟ್ಟಿಗೂ ಎಳೆಯ ಹೆಗಲಿಗೂ ನಡುವೆ
ಎರಡು ಬೆರಳು ಹೋಯಿತು;
ಹೆಚ್ಚಾಯಿತೆಂದು ಮತ್ತೆ ಬಿಗಿದರು.

ಪೆರುಂಬಾಡಿ ದಾಟಿ ಘಾಟಿ ಇಳಿಯುವಾಗ ಕೇಳಿದೆ:
‘ಆಕಾಶದಲ್ಲಿ ತಿರುವಿಲ್ಲ, ಹೊಂಡವಿಲ್ಲ,
ಎದುರಿಗೆ ಮರದ ಲಾರಿ ಬರೋದಿಲ್ಲ,
ಅಲ್ಲಿಗೂ ಇದು ಯಾಕಮ್ಮ?’
‘ಗಾಳಿಗೂ ಹೊಂಡ ಇದೆ ಹಂಸಣ್ಣ.
ಆ ಹೊತ್ತಿಗೆ ಹತ್ತು ಕಿಲೋ
ಹತ್ತೇ ಕಿಲೋ ಆಗಿ ಉಳಿಯಲ್ಲ.
ಎಷ್ಟು ಗಟ್ಟಿಯಾಗಿ ಹಿಡಿದಿದ್ರೂ ಕೈ ಬಿಟ್ಟುಹೋಗುತ್ತೆ.’

ಕೈ ಬಿಟ್ಟುಹೋಗುತ್ತೆ.
ಮುಂದೆ ನಾನು ಮಾತಾಡಲಿಲ್ಲ.

ಇದೇ ದಾರಿ, ಆಗ ಜೀಪು. ಪಕ್ಕದಲ್ಲಿ ನಬೀಸಾ,
ಅವಳ ಮಡಿಲಲ್ಲಿ ಸುಹರಾ, ಮೂರು ವರ್ಷ.
ಮದುವೆಯೂಟಕ್ಕೆ ತಡವಾಗಿತ್ತು.
ತಿರುವಿನಲ್ಲಿ ಬ್ರೇಕು ತುಳಿದೆ,
ಮಡಿಲು ಅಲ್ಲೇ ಇತ್ತು,
ಮಗು ಮುಂದೆ ಹೋಗಿತ್ತು.
ಕಬ್ಬಿಣಕ್ಕೆ ತಾಗಿ ಮುರಿದದ್ದು ಹಾಲುಹಲ್ಲು,
ಆದರೆ ಆಮೇಲೆ ಬಂದ ಹಲ್ಲೂ ಸೊಟ್ಟಗೇ ಬಂತು.
ಎಲ್ಲರಿಗೂ ಹೇಳಿದೆ: ನಾಯಿ ಅಡ್ಡ ಬಂತು.
‘ಯಾವ ಬಣ್ಣದ ನಾಯಿ?’ ಅಂತ ಸುಹರಾ
ಎಷ್ಟು ವರ್ಷ ಕೇಳುತ್ತಿದ್ದಳು.
ಕಪ್ಪು, ಅಂದೆ. ಬಾಲ ತುಂಡು, ಅಂದೆ.
ಕೇಳಿದಾಗಲೆಲ್ಲ ನಾಯಿ ಸ್ವಲ್ಪ ಬೆಳೆಯಿತು.
ನಬೀಸಾ ಮಾತ್ರ ತನ್ನ ಎರಡು ಕೈ ನೋಡಿಕೊಳ್ಳುತ್ತಿದ್ದಳು,
ತಪ್ಪು ಅಲ್ಲಿರುವ ಹಾಗೆ.

ಮಟ್ಟನ್ನೂರಿನ ವಿಮಾನ ನಿಲ್ದಾಣ. ಗಾಜಿನಾಚೆ ಕೌಂಟರಿನ ಹುಡುಗ
ತಲೆಯಾಡಿಸಿದ, ಫೋನು ಮಾಡಿದ, ಟೇಪು ತರಿಸಿದ.
ಚೋಂದಮ್ಮ ಕುರ್ಚಿಯನ್ನು ಬೋರಲು ಹಾಕಿ
ತಳದ ಚೀಟಿಯನ್ನು ಬೆರಳಿಟ್ಟು ಓದಿಸಿದರು.
ದೇಚು ಎದ್ದಿದ್ದಳು, ಅಳತೆಯ ಟೇಪು ಬೇಕೆಂದು ಹಟ.
ಕೊನೆಗೆ ಹುಡುಗ ಕೈ ಎತ್ತಿದ,
ಸಲಾಮೋ ಶರಣೋ, ಹೊರಗಿಂದ ತಿಳಿಯಲಿಲ್ಲ.
ಕುರ್ಚಿಯನ್ನು ಬೆನ್ನಿಗೇರಿಸಿ, ಮಗುವನ್ನು ಸೊಂಟಕ್ಕೇರಿಸಿ
ಒಳಗೆ ನಡೆದರು. ತಿರುಗಿ ನೋಡಲಿಲ್ಲ,
ಕೈಯೆರಡೂ ತುಂಬಿದ್ದವು.

ವಾಪಸು ಬರುವಾಗ ಹಿಂದಿನ ಸೀಟಿನಲ್ಲಿ
ಒತ್ತಿದ ಎರಡು ಗುಳಿ, ರೆಕ್ಸಿನ್ ಇನ್ನೂ ಮೇಲೆದ್ದಿಲ್ಲ.
ಇರಿಟ್ಟಿಯಲ್ಲಿ ಒಂದು ನೇಂದ್ರ ಬಾಳೆಗೊನೆ ಕೊಂಡೆ.
ಸುಹರಾಳ ಮನೆ ಅಲ್ಲೇ, ಪೆಟ್ರೋಲ್ ಬಂಕಿನ ಹಿಂದೆ;
ಅವಳಿಗೀಗ ಏಳು ತಿಂಗಳು.
ಗೊನೆ ಅವಳಿಗೆಂದೇ ಕೊಂಡದ್ದು. ಗಾಡಿ ತಿರುಗಿಸಲಿಲ್ಲ.
ಗೊನೆಯನ್ನು ಆ ಗುಳಿಗಳ ಮೇಲೆ ಕೂರಿಸಿ
ಬೆಲ್ಟು ಹಾಕಿದೆ. ಎರಡು ಬೆರಳು ತೂರಿಸಿ ನೋಡಿದೆ.
ಹೆಚ್ಚಾಯಿತು. ಬಿಗಿದೆ.

ಕೂಟುಪುಳ ಸೇತುವೆ, ಮಾಕುಟ್ಟ, ಘಾಟಿಯ ಏರು.
ಆ ತಿರುವಿಗೆ ಬಂದಾಗ ಇಪ್ಪತ್ತಕ್ಕೆ ಇಳಿಸಿದೆ.
ಹಿಂದಿನ ಬಸ್ಸಿನವನು ಹಾರನ್ ಹೊಡೆದು ಬೈದ.
ಯಾವ ನಾಯಿಯೂ ಅಡ್ಡ ಬರಲಿಲ್ಲ,
ಅವತ್ತಿನ ಹಾಗೆಯೇ.