ಕೊನೀ ಮನಿ ನೀರು

ಮೂವತ್ತೊಂದು ವರ್ಷ ಶಹಾಪೇಠಿ ಗಲ್ಲಿಗಳಿಗೆ
ನೀರು ಬಿಟ್ಟವ ನಾನು.
ಹೆಗಲ ಮ್ಯಾಲ ಕಬ್ಬಿಣದ ಉದ್ದನ ಚಾವಿ,
ಕಿವಿ ಹಿಂದ ಒಂದು ಬೀಡಿ.

ಹೋದ ಚಳಿಗಾಲ
ತಾಜ್ ಬಾವಡಿ ದಾಟಿ ನೂರಾ ಹತ್ತು ಹೆಜ್ಜಿಗೆ
ಬಲಗಾಲಿನ ಮೀನಖಂಡ ಹಿಡಕೊಂಡಿತು.
ನಿಂತರ ಬಿಡತಿತ್ತು. ನಡದರ ಮತ್ತ ನೂರಾ ಹತ್ತಕ್ಕ.
ಅದಕ್ಯಾಕ ಮೀನು ಅಂತ ಹೆಸರಿಟ್ಟಾರ ಹಿರಿಯಾರು,
ಅವತ್ತ ತಿಳೀತು:
ಬತ್ತಿದ ಹೊಂಡದಾಗ ಬಾಯಿ ತಗದು
ಒದ್ದಾಡತಿತ್ತು, ಚರ್ಮದ ಒಳಗ.

ನಿಲ್ಲಾಕ ನೆಪ ಬೇಕಲ್ಲ.
ಗಡಿಯಾರದ ಅಂಗಡಿ ಮುಂದ ಹೊತ್ತು ನೋಡಿದೆ,
ಬಳಿ ಅಂಗಡಿ ಮುಂದ ಬಳಿ ನೋಡಿದೆ.
"ಯಾರಿಗೋ ಲಾಲಸಾಬ, ಈ ವಯಸ್ಸಿನ್ಯಾಗ ಹಸರ ಬಳಿ?"
ನಕ್ಕ ಬಳಿಗಾರ ಚನಮಲ್ಲ. ನಾನೂ ನಕ್ಕೆ.
ಚಿಂದಿ ಸುತ್ತಿದ ಹೆಬ್ಬೆರಳಿನ ಗಾಯ
ನಲವತ್ತು ದಿನದಿಂದ ಹಸೀನ ಇತ್ತು.

ದವಾಖಾನ್ಯಾಗ ಸುಗಲಾ ರಾಠೋಡ ಅನ್ನೋ ಹುಡುಗಿ
ತೋಳಿಗೊಂದು ಪಟ್ಟಿ ಬಿಗದಳು, ಕಣಕಾಲಿಗೊಂದು.
ಪಾದಕ್ಕ ತಣ್ಣನ ಅಂಟು ಹಚ್ಚಿ
ಪೆನ್ನಿನಂಥಾದ್ದು ಊರಿ ಕಿವಿಗೊಟ್ಟಳು.
ಎಡಗಾಲು ಹುಸ್ ಹುಸ್ ಅಂತ ಜೋರಾಗಿ ಮಾತಾಡತು.
ಬಲಗಾಲು,
ಮುಚ್ಚಿದ ಬಾಗಿಲ ಹಿಂದ ಯಾರೋ ಉಸುರು ಬಿಟ್ಟಂಗ.

ತೋಳಾಗ ನೂರಾ ಐವತ್ತು. ಕಣಕಾಲಾಗ ಎಪ್ಪತ್ತೆಂಟು.
"ನಡುವ ಎಲ್ಲೋ ಲೀಕ್ ಐತೇನವ್ವಾ?"
"ಲೀಕಲ್ಲ ಕಾಕಾ. ಕಟ್ಟೇತಿ."

ನಾಕಿಂಚಿನ ಹಳೀ ಪೈಪು ಕೊಯ್ದಾಗ ನೋಡೀನಿ:
ಹೊರಗ ಗಟ್ಟಿ. ಒಳಗ ಸುಣ್ಣ, ತುಕ್ಕು,
ಕಿರಿಬೆರಳು ತೂರುವಷ್ಟ ತೂತು.
ಕೊಲ್ಹಾರದಿಂದ ಹೊಳಿ ಪೂರಾ ಹರದು ಬಂದ್ರೂ
ತುದಿಮನಿ ಹಸೀನಾಬಿ ಖಾಲಿ ಕೊಡ ಬಡದು
ನನ್ನ ಏಳು ತಲಿಮಾರು ಬೈಯೋದು.
ಹೆಬ್ಬೆರಳು ಅದ ಬೈಗಳ ಬೈತಿತ್ತು,
ನನಗ ಕೇಳಿರಲಿಲ್ಲ.

ತೊಡಿಸಂದಿನ್ಯಾಗ ಕೂದಲೆಳಿಯಂಥಾ ತಂತಿ ಬಿಟ್ರು.
ಪರದೆ ಮ್ಯಾಲ ನನ್ನ ಕಾಲು, ಕರೀ ಬೇರು ಇಳದಂಗ;
ತೊಡಿ ನಡುವ ಬೇರು ತುಂಡಾಗಿ ಬರೇ ಬೆಳ್ಳಗ.
ಅಲ್ಲೊಂದು ಪುಗ್ಗಾ ಉಬ್ಬಿಸಿದ್ರು,
ಜಾಳಿಯಂಥಾ ಕೊಳವಿ ಕೂಡಿಸಿದ್ರು.
"ಅರ್ಧಾ ಕೆಲಸ ನಂದು," ಅಂದ್ರು ಡಾಕ್ಟರ್ ಉಪ್ಪಿನ.
"ಉಳದದ್ದು ನಿಮ್ಮದು: ಗುಳಿಗಿ ನುಂಗೋದು, ಬೀಡಿ ಬಿಡೋದು.
ಮತ್ತ ನೋವಾಗೋತನಕ ನಡೀರಿ. ನಿಲ್ರಿ. ಮತ್ತ ನಡೀರಿ."
ನಡಿಗೀನ ಕಸಗೊಂಡ ಜಡ್ಡಿಗೆ
ನಡಿಗೀನ ಮದ್ದು!

ಬೀಡಿ ಬಿಟ್ಟೆ. ಸುಳ್ಳು ಯಾಕ ಹೇಳಲಿ, ಎರಡು ಸಲ ಬಿಟ್ಟೆ.
ಈಗ ಗಾಂಧಿ ಚೌಕದತನಕ ನಿಲ್ಲದ ಹೋಗತೀನಿ.
ಬಳಿ ಅಂಗಡಿ ಮುಂದ ಮಾತ್ರ ನಿಲ್ಲತೀನಿ, ರೂಢಿ.
ಚನಮಲ್ಲ ಕಡೀಕ ಒಂದು ಡಜನ್ ಮಾರೇ ಬಿಟ್ಟ.

ನಮ್ಮ ಹಳೀ ಮೇಸ್ತ್ರಿ ಕಲಿಸಿದ್ದ:
ವಾಲು ತಿರುವಿದ ಮ್ಯಾಲ ಚಾವಿಗೆ ಕಿವಿ ಹಚ್ಚು,
ನೆಲದಾಗ ನೀರು ಹೊಂಟಿದ್ದು ಕೇಳತೈತಿ.
ನಸುಕಿನ್ಯಾಗ, ನಳ ಬರೂ ಮೊದಲ,
ಪಾದದ ಮ್ಯಾಲ ಎರಡು ಬೆರಳು ಇಡತೀನಿ.
ಸ್ವಲ್ಪ ತಡಾ.
ಆಮ್ಯಾಲ
ಹಸೀನಾಬಿ ಮನಿಗೆ ನೀರು.